ಬ್ಯಾಂಡ್ ಒಡೆದ ಮೇಲೂ ಲೇಬಲ್ ಇರುತ್ತದೆ

ಮಾನ್ಯರೇ,

ಬ್ಯಾಂಡ್‌ಗಳು ಸ್ವಂತ ರೆಕಾರ್ಡ್ ಲೇಬಲ್ (ಹಾಡುಗಳನ್ನು ಹೊರತರುವ ಸಂಸ್ಥೆ) ಕಟ್ಟಿಕೊಂಡರೆ ಸ್ವಾತಂತ್ರ್ಯ ಸಿಕ್ಕಿತೆಂದು ಎಲ್ಲರೂ ಹೊಗಳುತ್ತಾರೆ. ಲೆಕ್ಕಪತ್ರದ ಮಾತು ಯಾರೂ ಎತ್ತುವುದಿಲ್ಲ. ವಾಷಿಂಗ್ಟನ್ ಡಿ.ಸಿ.ಯ ಟೀನ್ ಐಡಲ್ಸ್ ತಂಡದವರು 1980ರಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಶುರುಮಾಡಿದ್ದು ತಮ್ಮದೇ ಏಳು ಇಂಚಿನ ರೆಕಾರ್ಡ್ ಹೊರತರಲು. ರೆಕಾರ್ಡ್ ಬರುವಷ್ಟರಲ್ಲಿ ತಂಡ ಒಡೆದಿತ್ತು. ಲೇಬಲ್ ಇಂದಿಗೂ ಇದೆ, ಅದೂ ಲಿಖಿತ ಕರಾರುಗಳಿಲ್ಲದೆ ಬೆಳೆದದ್ದು. ಆ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ: ಸಾಹಿತ್ಯ–ಸಂಗೀತದ್ದು ಬರೆದವರಿಗೆ, ಧ್ವನಿಮುದ್ರಣದ್ದು ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಿಕೆ, ಯಾರದೋ ಅವರಿಗೆ. ಮಾಸ್ಟರ್ ಲೇಬಲ್‌ನದೋ ಸದಸ್ಯರದೋ, ಖರ್ಚು ಕಳೆದು ಉಳಿದದ್ದರಲ್ಲಿ ಯಾರಿಗೆಷ್ಟು, ಬಿಟ್ಟುಹೋದವರ ಪಾಲೇನು ಎಂಬುದನ್ನು ಸ್ಟುಡಿಯೋಗೆ ಕಾಲಿಡುವ ಮೊದಲೇ ಬರೆದು ಎಲ್ಲರೂ ಸಹಿ ಹಾಕಬೇಕು. ಇಲ್ಲವಾದರೆ ಡ್ರಮ್ಮರ್ ಹೊರನಡೆದ ವರ್ಷಗಳ ನಂತರ ಮರುಮುದ್ರಣಕ್ಕೆ ಹೊರಟಾಗ ಜಗಳ ಗ್ಯಾರಂಟಿ.

ಪ್ರತಿ ಧ್ವನಿಮುದ್ರಣಕ್ಕೂ ಅದನ್ನು ಗುರುತಿಸುವ 12 ಅಕ್ಷರಾಂಕಿಗಳ ಐಎಸ್‌ಆರ್‌ಸಿ ಕೋಡ್ ಬೇಕು. ಲೈವ್‌ಗೆ, ರೀಮಿಕ್ಸ್‌ಗೆ ಬೇರೆ ಬೇರೆ. ಸ್ಟ್ರೀಮಿಂಗ್ ತಾಣಗಳಿಗೆ ಹಾಡು ತಲುಪಿಸುವ ವಿತರಕರನ್ನು ಬದಲಿಸಿದರೂ ಹಳೆಯ ಕೋಡನ್ನೇ ಕೊಡಿ. ಹೊಸದು ಹಾಕಿದರೆ ಹಳೆಯ ಸ್ಟ್ರೀಮ್‌ಗಳ ಲೆಕ್ಕ ಕೈತಪ್ಪಬಹುದು.

ವಿನೈಲ್ (ಮುಳ್ಳಿನಿಂದ ನುಡಿಸುವ ತಟ್ಟೆ ರೆಕಾರ್ಡ್) ಮಾಡಿಸುವವರು ಎಡವುವುದು ಸಾಮಾನ್ಯವಾಗಿ ಹಾಡುಗಳ ಉದ್ದದಲ್ಲಿ. 12 ಇಂಚಿನ, ನಿಮಿಷಕ್ಕೆ 33⅓ ಸುತ್ತಿನ ರೆಕಾರ್ಡ್‌ನ ಒಂದು ಬದಿಗೆ 18ರಿಂದ 20 ನಿಮಿಷ ಹಿತ. ಹೆಚ್ಚು ತುಂಬಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗಿ ದನಿಯ ಮಟ್ಟ ಇಳಿಯುತ್ತದೆ, ಸರಸರ ಸದ್ದು ಮೇಲೇಳುತ್ತದೆ. ಬದಿ ಮುಗಿಯುವ ಒಳಸುತ್ತಿನಲ್ಲಿ ಮುಳ್ಳಿನಡಿ ಗೆರೆ ಸರಿಯುವ ವೇಗ ಕಡಿಮೆ. ಆದ್ದರಿಂದ ಅಲ್ಲಿ ‘ಸ’ಕಾರ ಸೀಳುತ್ತದೆ, ಸಿಂಬಲ್ ಮಂಕಾಗುತ್ತದೆ. ಅಬ್ಬರದ ಹಾಡನ್ನು ಕೊನೆಗೆ ಇಡುವುದು ವೇದಿಕೆಯ ಅಭ್ಯಾಸ, ರೆಕಾರ್ಡ್‌ಗೆ ಅದು ಒಗ್ಗದು. ಸುಮಾರು 150 ಹರ್ಟ್ಜ್‌ಗಿಂತ ಕೆಳಗಿನ ಬಾಸ್ ಮೋನೋದಲ್ಲಿರಲಿ (ಎಡ–ಬಲ ಎರಡರಲ್ಲೂ ಒಂದೇ ಆಗಿರಲಿ), ಎಡ–ಬಲ ಬೇರೆಯಾದ ಬಾಸ್‌ಗೆ ಮುಳ್ಳು ಹಾರಬಹುದು.

ಟೆಸ್ಟ್ ಪ್ರೆಸಿಂಗ್ (ಎಲ್ಲ ಪ್ರತಿಗಳನ್ನು ಒತ್ತುವ ಮೊದಲು ಕಾರ್ಖಾನೆ ಕಳಿಸುವ ಕೆಲವು ಮಾದರಿ ಪ್ರತಿಗಳು) ಬಂದಾಗ ಒಂದನ್ನು ಅರ್ಧ ಕೇಳಿ ಒಪ್ಪಿಗೆ ಕೊಡಬೇಡಿ. ‘ಟಕ್’ ಸದ್ದು ಎಲ್ಲ ಪ್ರತಿಗಳಲ್ಲೂ ಒಂದೇ ಜಾಗದಲ್ಲಿದ್ದರೆ ದೋಷ ಅಚ್ಚಿನದು ಅಥವಾ ಮೂಲ ಕೊರೆತದ್ದು, ಕಾರ್ಖಾನೆಗೆ ಹಿಂದಿರುಗಿಸಿ. ಒಂದೇ ಪ್ರತಿಯಲ್ಲಿದ್ದರೆ ಧೂಳೋ ಆ ಪ್ರತಿಯ ದೋಷವೋ ಇರಬಹುದು. ಅಚ್ಚು ಮತ್ತೆ ಮಾಡಬೇಕಾದರೆ ವಾರಗಳೇ ಹಿಡಿಯುವುದರಿಂದ ಬಿಡುಗಡೆಯ ದಿನಾಂಕವನ್ನು ಟೆಸ್ಟ್ ಪ್ರೆಸಿಂಗ್ ಒಪ್ಪಿದ ಮೇಲಷ್ಟೇ ಪ್ರಕಟಿಸಿ.