ಹಳೇ ರೈಫಲ್‌ಗೆ ಬಲ್ಲ ಕೈ ಬೇಕು

ಮಾನ್ಯ ಸಂಪಾದಕರೇ,

ಆಯುಧ ಪೂಜೆ ಹತ್ತಿರ ಬರುತ್ತಿದೆ. ಮನೆಯಲ್ಲಿ ಲೈಸೆನ್ಸ್ ಇರುವ ಹಳೇ ಕೋವಿ ಉಳಿಸಿಕೊಂಡವರು ಅದನ್ನು ಹೊರಗೆ ತೆಗೆದು, ಫಳಫಳ ಹೊಳೆಯುವ ಹಾಗೆ ಮಾಡಿಸೋಣ ಅಂದುಕೊಳ್ಳುವ ಹೊತ್ತು ಇದು. ದಯವಿಟ್ಟು ಸ್ವಲ್ಪ ತಡೆಯಿರಿ.

ನಮ್ಮಜ್ಜನದು .315 ಬೋರ್ ರೈಫಲ್. ಕೊಪ್ಪದ ಕಡೆ ನಮ್ಮ ಅಡಿಕೆ ತೋಟಕ್ಕೆ ಹಂದಿ ಕಾಟ ಜಾಸ್ತಿ ಇದ್ದಾಗ ತಂದದ್ದು. ಮೈಯೆಲ್ಲ ಬ್ರಿಟಿಷ್ ಸೈನ್ಯದ ರೈಫಲ್ ಲೀ ಎನ್‌ಫೀಲ್ಡ್‌ನದೇ. ಸೈನ್ಯದ .303 ತೋಟಾ ಜನರ ಕೈಗೆ ಹೋಗಬಾರದು ಎಂದು ಬ್ರಿಟಿಷರು ತಡೆ ಹಾಕಿದ್ದರಿಂದಲೇ ನಮ್ಮಲ್ಲಿ .315 ಬಳಕೆಗೆ ಬಂತು. ಯಾರೋ ಮುಂದಿನ ಉದ್ದ ಮರವನ್ನು ಕತ್ತರಿಸಿ, ಶಿಕಾರಿ ರೈಫಲ್ ಥರ ಹಗುರ ಮಾಡಿದ್ದಾರೆ. ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಬೋಲ್ಟನ್ನು ಮುಂದಕ್ಕೆ ತಳ್ಳುವಾಗಲೇ ಇದರ ಸ್ಪ್ರಿಂಗ್ ಬಿಗಿಯಾಗುತ್ತದೆ. ಆ ಬಿಗಿ ಕೈಗೆ ತಾಗಿದರೆ ನನಗೆ ಅಜ್ಜನೇ ನೆನಪಾಗುತ್ತಾರೆ. ಹಳೇ ತೋಟಾದ ಕ್ಯಾಪಿನಿಂದ, ಅಂದರೆ ಕಿಡಿ ಹೊತ್ತಿಸುವ ಭಾಗದಿಂದ, ನಳಿಗೆಯಲ್ಲಿ ಉಪ್ಪಿನಂಥ ಮಸಿ ಉಳಿಯುತ್ತಿತ್ತು, ಎಣ್ಣೆಗೆ ಅದು ಹೋಗುತ್ತಿರಲಿಲ್ಲ. ಎಷ್ಟೇ ರಾತ್ರಿಯಾದರೂ ಅವರು ನಳಿಗೆಯೊಳಗೆ ಕುದಿಯುವ ನೀರು ಹೊಯ್ದು, ಒರೆಸಿ, ಆಮೇಲೇ ಊಟಕ್ಕೆ ಕೂರುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ, ಲೈಸೆನ್ಸ್ ನನ್ನ ಹೆಸರಿಗೆ ಆಗುವ ತನಕ ರೈಫಲ್ ಠೇವಣಿಯಲ್ಲಿತ್ತು. ವಾಪಸ್ ಬಂದಾಗ ನಳಿಗೆಗೆ ತುಕ್ಕು ಹಿಡಿದಿತ್ತು, ಮರ ಅಲ್ಲಲ್ಲಿ ತಗ್ಗು ಬಿದ್ದಿತ್ತು. ನಗರದ ಒಂದು ಅಂಗಡಿಗೆ ಒಯ್ದೆ. ಬಫ್ ಹೊಡೆದು ನಿಕ್ಕಲ್ ಮಾಡ್ತೀವಿ, ಬೇರೆ ಬೋಲ್ಟ್ ಹಾಕ್ತೀವಿ, ತೂತು ಕೊರೆದು ಸ್ಕೋಪ್ ಕೂರಿಸ್ತೀವಿ ಎಂದರು.

ನಾನು ಎಚ್‌ಎಂಟಿಯಲ್ಲಿ 30 ವರ್ಷ ಫಿಟ್ಟರ್ ಆಗಿದ್ದವನು. ಕೇಳಿ ಹೆದರಿಕೆಯಾಯಿತು. ಲೀ ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಹಿಡಿಯ ಬುಡದಲ್ಲಿ ನಂಬರ್ ಇರುತ್ತದೆ. ರೈಫಲ್ ಮೈಮೇಲಿನ ನಂಬರಿಗೆ ಅದು ತಾಳೆಯಾಗಬೇಕು, ಯಾಕೆಂದರೆ ಒಂದಕ್ಕೊಂದು ಅಳತೆ ನೋಡಿ ಕೂರಿಸಿದ್ದು. ಕಂಡ ಬೋಲ್ಟ್ ತುರುಕಿದರೆ ತೋಟಾದ ಹಿಂದೆ ಸಂದು ಬಿಟ್ಟುಕೊಳ್ಳಬಹುದು. ಆಗ ತೋಟಾದ ಹಿತ್ತಾಳೆ ಕೇಸ್ ಒಡೆದು ಬಿಸಿ ಗಾಳಿ ಮುಖಕ್ಕೇ ಬರಬಹುದು. ಇನ್ನು ಬಫ್ ಹೊಡೆದು ನಂಬರ್ ಅಳಿಸಿಬಿಟ್ಟರೆ? ಗುರುತಿನ ನಂಬರ್ ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ನಿಷಿದ್ಧ.

ಹುಡುಕಿ ಹುಡುಕಿ, ಲೈಸೆನ್ಸ್ ಇರುವ ಹಿರಿಯ ರಿಪೇರಿಯವರೊಬ್ಬರು ಸಿಕ್ಕರು. ಮೊದಲು ನಂಬರ್ ನೋಡಿದರು, ಗೇಜ್ ಇಟ್ಟು ಆ ಸಂದು ಅಳೆದರು, ನಳಿಗೆಯನ್ನು ಬೆಳಕಿಗೆ ಹಿಡಿದರು. ತುಕ್ಕನ್ನು ಎಣ್ಣೆ, ಸ್ಟೀಲ್ ವುಲ್ ಹಾಕಿ ಮೆಲ್ಲಗೆ ತೆಗೆದರು. ಹಳೇ ಕಪ್ಪು ಬಣ್ಣ ಉಳಿದದ್ದನ್ನು ಹಾಗೇ ಬಿಟ್ಟರು. ಸ್ಕೋಪ್ ಬೇಡ ಎಂದರು, ನನಗೂ ಬೇಕಿರಲಿಲ್ಲ. ಹೊಸದಾಗಿ ಹಾಕಿದ್ದು ಬಟ್‌ಗೆ, ಅಂದರೆ ಹೆಗಲಿಗೆ ಒತ್ತುವ ಹಿಂಬದಿಗೆ, ಒಂದು ರಬ್ಬರ್ ಪ್ಯಾಡ್ ಮಾತ್ರ, ಅದೂ ಹಳೇ ಸ್ಕ್ರೂ ತೂತುಗಳಿಗೇ. ಅಲ್ಲಿದ್ದ ಹಿತ್ತಾಳೆ ಪ್ಲೇಟ್ ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಮರದ ಕೆಲಸ ನಾನೇ ಮಾಡಿದೆ. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಮರ ಉಬ್ಬಿ ಸಮವಾಗುತ್ತದೆ. ಗ್ರಂಧಿಗೆ ಅಂಗಡಿಯಿಂದ ಅಗಸೆ ಎಣ್ಣೆ ತಂದು, ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು ಮತ್ತೆ ಹಚ್ಚಿದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹರಡಿ.

ಆ ಹಿರಿಯರಿಗೆ ಈಗ ಕೈ ನಡುಗುತ್ತದೆ. ಮಗ ಬೇರೆ ಕೆಲಸದಲ್ಲಿದ್ದಾರೆ. ಕಲಿಯಲು ಯಾರೂ ಬರಲಿಲ್ಲ ಎಂದರು. ಕೊಡಗು, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೋವಿಗಳಿವೆ, ಅಲ್ವಾ? ಅವು ಕೆಟ್ಟಾಗ ಯಾರ ಕೈಗೆ ಕೊಡುವುದು? ಸರ್ಕಾರಿ ಐಟಿಐಗಳಲ್ಲಿ ಒಂದರಲ್ಲಾದರೂ, ಪೊಲೀಸ್ ಶಸ್ತ್ರಾಗಾರದ ಅನುಭವಿಗಳನ್ನು ಕರೆಸಿ, ಕೋವಿ ರಿಪೇರಿಯ ತರಬೇತಿ ಶುರು ಮಾಡಲಿ. ಇಂಥ ಹಿರಿಯರ ಕೈ ಇನ್ನೂ ಓಡುತ್ತಿರುವಾಗಲೇ ಮಾಡಲಿ.

— ನಿವೃತ್ತ ಫಿಟ್ಟರ್, ರಾಜಾಜಿನಗರ, ಬೆಂಗಳೂರು