ದುಬೈ ಫ್ಲ್ಯಾಟ್ ತಕರಾರು: ವಕೀಲರನ್ನು ಹಿಡಿಯುವ ಮುಂಚೆ

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದ ನಮ್ಮ ಗುಂಪಿನ ಕೆಲವರು ದುಬೈಯಲ್ಲಿ ಇನ್ನೂ ಕಟ್ಟುತ್ತಿರುವ ಫ್ಲ್ಯಾಟಿಗೆ ದುಡ್ಡು ಹಾಕಿದ್ದೀರಿ. ಈಗ ಕಾಗದಪತ್ರದ ತಕರಾರು ಶುರುವಾಗಿದೆ.

ಏಜೆಂಟ್ ತೋರಿಸಿದ ವಕೀಲರನ್ನೇ ಹಿಡಿಯಬೇಡಿ. ಅವರು ಯಾರ ಕಡೆ ನಿಲ್ಲುತ್ತಾರೆ, ಗೊತ್ತಲ್ವಾ? ಮೈಸೂರಿನ ವಕೀಲರು ಎಷ್ಟೇ ಗಟ್ಟಿಗರಾದರೂ ಕರಾರು ಓದಿ ಹೇಳಬಹುದು ಅಷ್ಟೇ. ದುಬೈ ಕೋರ್ಟಿನಲ್ಲಿ ನಡೆಯುವುದು ಅರೇಬಿಕ್. ಅಲ್ಲಿನ ಲೈಸೆನ್ಸ್ ಇರುವವರೇ ಬೇಕು.

ವಕೀಲರನ್ನು ಮೊದಲ ಫೋನಿನಲ್ಲೇ ಕೇಳಿ: ನಮ್ಮ ಫ್ಲ್ಯಾಟ್ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನಲ್ಲಿ (ಅಲ್ಲಿನ ಆಸ್ತಿ ನೋಂದಣಿ ಇಲಾಖೆ) ನೋಂದಣಿ ಆಗಿದೆಯಾ? ಕಂತಿನ ಹಣ ಎಸ್ಕ್ರೋ ಖಾತೆಗೇ (ಆ ಕಟ್ಟಡದ ಹಣಕ್ಕೆಂದೇ ಇರುವ ಪ್ರತ್ಯೇಕ ಬ್ಯಾಂಕ್ ಖಾತೆ) ಹೋಗಿದೆಯಾ? ದುಬೈಯ 2007ರ ಕಾನೂನಿನ ಪ್ರಕಾರ ಅಲ್ಲಿಗೇ ಹೋಗಬೇಕು. ಇದನ್ನು ಹೇಗೆ ಪರಿಶೀಲಿಸುತ್ತೇವೆ ಅಂತ ಹೇಳದೆ ಬರೀ ‘ನೋಡೋಣ’ ಅಂದರೆ ಬೇರೆಯವರನ್ನು ಹುಡುಕಿ.

ಫೀಸು ಬರವಣಿಗೆಯಲ್ಲಿರಲಿ. ಜನರಲ್ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ಎಲ್ಲ ವ್ಯವಹಾರ ಮಾಡಲು ಕೊಡುವ ಅಧಿಕಾರಪತ್ರ) ಸುಮ್ನೆ ಬರೆದುಕೊಡಬೇಡಿ, ಈ ಕೆಲಸಕ್ಕೆ ಮಾತ್ರ ಅಂತ ಬರೆಸಿ. ಪಾಸ್‌ಪೋರ್ಟ್ ಫೋಟೊ, ರಸೀದಿ ಇಲ್ಲಿ ಹಾಕಬೇಡಿ ದಯವಿಟ್ಟು.