ಹಳೇ ಬಣ್ಣವನ್ನು ಇನ್ನು ಮುಂದೆ ನೋಡದೇ ಮರಳು ಹೊಡೆದು ತೆಗೆಯುವುದಿಲ್ಲ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ನಿಮ್ಮಲ್ಲಿ ಕೆಲವರ ಗಾಡಿ ಈಗ ನಮ್ಮ ಶೆಡ್ಡಿನಲ್ಲಿದೆ. ಇನ್ನು ಕೆಲವರು ಸರದಿಗೆ ಕಾಯುತ್ತಿದ್ದೀರಿ. ಎಲ್ಲರಿಗೂ ತಿಳಿಸಬೇಕಾದ ಒಂದು ಬದಲಾವಣೆ ಇದೆ.

ಹಳೇ ಮಿಲಿಟರಿ ಬೈಕುಗಳ ಟ್ಯಾಂಕು, ಮಡ್‌ಗಾರ್ಡು, ಫ್ರೇಮುಗಳನ್ನು ಇನ್ನು ಮುಂದೆ ಬಂದ ಕೂಡಲೇ ಮರಳು ಹೊಡೆಸಲು, ಅಂದರೆ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕಳಿಸುವುದಿಲ್ಲ. ಮೊದಲು ಬಣ್ಣವನ್ನು ಕೈಯಲ್ಲೇ ಪದರ ಪದರವಾಗಿ ಬಿಡಿಸಿ ನೋಡುತ್ತೇವೆ. ಸಿಕ್ಕಿದ್ದನ್ನು ಬರೆದಿಟ್ಟು, ಫೋಟೊ ತೆಗೆದು ನಿಮಗೆ ಕಳಿಸುತ್ತೇವೆ. ನಿಮ್ಮನ್ನು ಕೇಳಿದ ಮೇಲೇ ಮುಂದಿನ ಕೆಲಸ. ಇದರಿಂದ ಪ್ರತಿ ಗಾಡಿಗೂ ಹೆಚ್ಚುಕಮ್ಮಿ ಒಂದು ತಿಂಗಳು ಜಾಸ್ತಿ ಹಿಡಿಯುತ್ತದೆ.

ಯಾಕೆ ಅಂತ ಹೇಳಬೇಕಲ್ವಾ? ನಮ್ಮಿಂದಲೇ ಒಂದು ತಪ್ಪಾಯಿತು. ಹೋದ ವರ್ಷ ಬ್ರಿಟನ್ನಿನ ಒಂದು ಹಳೇ ಮಿಲಿಟರಿ ಬೈಕು, ಬಿಎಸ್‌ಎ ಎಂ20 ಬಂತು. 496 ಸಿಸಿ ಸೈಡ್‌ವಾಲ್ವ್ ಇಂಜಿನ್ನು. ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ತಯಾರಾದ ಗಾಡಿ ಅದು. ಟ್ಯಾಂಕಿಗೆ ಯಾರೋ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಎಂದಿನಂತೆ ಬ್ಲಾಸ್ಟಿಂಗ್‌ಗೆ ಕಳಿಸಿದೆವು. ಬೆಳ್ಳಗೆ ಹೊಳೆಯುವ ತಗಡು ವಾಪಸ್ ಬಂತು. ನಮಗೂ ಖುಷಿಯಾಯಿತು.

ಹದಿನೈದು ದಿನ ಕಳೆದ ಮೇಲೆ ಗಾಡಿಯ ಮಾಲೀಕರು ಒಂದು ಹಳೇ ಫೋಟೊ ಹಿಡಿದು ಬಂದರು. ಅವರ ತಾತ ಸೇನೆಯಲ್ಲಿ ಡಿಸ್ಪ್ಯಾಚ್ ರೈಡರ್, ಅಂದರೆ ಬೈಕಿನಲ್ಲಿ ಸಂದೇಶ ಮುಟ್ಟಿಸುವವರು, ಆಗಿದ್ದರು. ಫೋಟೊದಲ್ಲಿ ಅವರು ಒಂದು ಎಂ20 ಮೇಲೆ ಕೂತಿದ್ದಾರೆ. ಟ್ಯಾಂಕಿನ ಮೇಲೆ ‘ಸಿ’ ಅಕ್ಷರ, ಅದರ ಮುಂದೆ ನಂಬರು, ಸ್ಪಷ್ಟವಾಗಿ ಕಾಣುತ್ತದೆ. ಬ್ರಿಟಿಷ್ ಸೇನೆ ತನ್ನ ಬೈಕುಗಳಿಗೆ ಹಾಗೇ ನಂಬರು ಬರೆಯುತ್ತಿತ್ತು. “ಇದೇ ಗಾಡಿನಾ ಅಂತ ನೋಡಬಹುದಾ?” ಅಂತ ಕೇಳಿದರು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಕಪ್ಪು ಬಣ್ಣದ ಅಡಿಯಲ್ಲಿ ಆ ನಂಬರು ಇತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅವರು ನಮ್ಮ ಮೇಲೆ ಸಿಟ್ಟಾಗಲಿಲ್ಲ. ಫೋಟೊವನ್ನು ಮತ್ತೆ ಕವರಿಗೆ ಹಾಕಿಕೊಂಡು ಸುಮ್ನೆ ಹೋದರು. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಅದಾದ ಮೇಲೆ ಇನ್ನೊಂದು ಎಂ20 ಟ್ಯಾಂಕು ಬಂದಾಗ ಬೇರೆ ದಾರಿ ಹಿಡಿದೆವು. ಸೋಪು ನೀರು, ನುಣುಪಾದ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಬೆರಳಿನ ಒತ್ತಡ, ಅಷ್ಟೇ. ಅಂಗೈಯಗಲ ಜಾಗ ಬಿಡಿಸುವುದಕ್ಕೆ ಒಂದು ಮಧ್ಯಾಹ್ನ ಬೇಕಾಯಿತು. ಕಪ್ಪು ಹೋಯಿತು, ಮರೂನ್ ಬಂತು. ಅದರ ಕೆಳಗೆ ಬೂದು ಪ್ರೈಮರ್. ಆಮೇಲೆ ಮಣ್ಣಿನಂಥ ಕಂದು. ಅದರ ಅಂಚಿನಲ್ಲಿ, ಇನ್ನೂ ಕೆಳಗೆ, ಹಸಿರು ಖಾಕಿ. ಟಾರ್ಚನ್ನು ಓರೆಯಾಗಿ ಹಿಡಿದಾಗ ಕಂದಿನ ಮೇಲೆ ಬಿಳಿ ಬಣ್ಣದ ಒಂದು ಬಾಗಿದ ಗೆರೆ ಕಂಡಿತು. ‘ಸಿ’ಯ ಮೇಲ್ಭಾಗ. ಶೆಡ್ಡಿನಲ್ಲಿ ಇದ್ದವರೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಬಂದು ನಿಂತರು.

ಆ ಎರಡು ಬಣ್ಣಗಳೇ ಎಷ್ಟೋ ಹೇಳುತ್ತವೆ. ಯುದ್ಧ ಶುರುವಾದಾಗ ಬ್ರಿಟಿಷ್ ಗಾಡಿಗಳಿಗೆ ಹಸಿರು ಖಾಕಿ ಹೊಡೆಯುತ್ತಿದ್ದರು. 1942ರ ಹೊತ್ತಿಗೆ ಕಂದು ಬಂತು, 1944ರಲ್ಲಿ ಆಲಿವ್ ಡ್ರಾಬ್ ಅನ್ನುವ ಮಂಕು ಹಸಿರು. ಹಸಿರಿನ ಮೇಲೆ ಕಂದು ಇದೆ ಅಂದರೆ, ಆ ಟ್ಯಾಂಕು ಮೊದಲ ವರ್ಷಗಳದ್ದು, ಆಮೇಲೂ ಸೇನೆಯಲ್ಲೇ ದುಡಿದು ಮತ್ತೆ ಬಣ್ಣ ಕಂಡಿದೆ ಅಂತ ಲೆಕ್ಕ. ‘ಮಿಲಿಟರಿ ಹಸಿರು’ ಅಂತ ಅಂಗಡಿಯಲ್ಲಿ ಸಿಗುವ ಒಂದೇ ಡಬ್ಬಿಯನ್ನು ಎಲ್ಲಾ ಗಾಡಿಗೂ ಹೊಡೆದರೆ ಈ ಕತೆ ಅಳಿಸಿ ಹೋಗುತ್ತದೆ.

ಹ್ಯಾಂಡಲ್ ಗ್ರಿಪ್ ವಿಷಯವೂ ಹಾಗೇ. “ಇದೇನು, ಬಟ್ಟೆ ಸುತ್ತಿದ್ದಾರೆ, ರಬ್ಬರ್ ಹಾಕಿಬಿಡಿ” ಅನ್ನುತ್ತಾರೆ ಹಲವರು. 1942ರಲ್ಲಿ, ರಬ್ಬರ್ ಬೆಳೆಯುತ್ತಿದ್ದ ಮಲಯ (ಈಗಿನ ಮಲೇಷ್ಯಾದ ಭಾಗ) ಜಪಾನಿನ ಕೈಗೆ ಹೋದ ಮೇಲೆ ರಬ್ಬರಿಗೆ ಬರ ಬಂತು. ಆಗ ಗ್ರಿಪ್ಪಿಗೆ ಕ್ಯಾನ್ವಾಸು, ಫುಟ್‌ರೆಸ್ಟಿಗೆ ಬರೀ ಕಬ್ಬಿಣ ಬಂತು. ದಯವಿಟ್ಟು ಅದನ್ನು ಕಿತ್ತು ಬಿಸಾಡಬೇಡಿ. ಇಂಜಿನ್ ನಂಬರು ಗಾಡಿಯ ಕಾಗದದ ಜೊತೆ ಹೊಂದದಿದ್ದರೂ ಗಾಬರಿ ಬೇಡ. ಸೇನೆಯ ವರ್ಕ್‌ಶಾಪುಗಳಲ್ಲೇ ಇಂಜಿನ್ ಬದಲಾಯಿಸುತ್ತಿದ್ದರು. ನಂಬರನ್ನು ಉಜ್ಜಿ ಹೊಸದಾಗಿ ಹೊಡೆದುಕೊಡಿ ಅಂತ ಮಾತ್ರ ನಮ್ಮನ್ನು ಕೇಳಬೇಡಿ, ಅದನ್ನು ನಾವು ಮಾಡುವುದಿಲ್ಲ.

ಹಾಗಂತ ಎಲ್ಲಾ ಹಳೇದನ್ನೂ ಉಳಿಸುತ್ತೇವೆ ಅಂತಲ್ಲ. ಟೈರು, ವೈರಿಂಗ್, ಬ್ರೇಕ್ ಲೈನಿಂಗ್, ಪೆಟ್ರೋಲ್ ಪೈಪು ಹೊಸದೇ ಆಗಬೇಕು. ಗಾಡಿ ಓಡಬೇಕು, ಓಡಿಸುವವರು ಮನೆಗೆ ಬರಬೇಕು. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ಡ್ರಮ್ ಬಿಚ್ಚಿ ಏರ್ ಹೊಡೆದು ದೂಳು ಊದಬೇಡಿ, ಬಾಯಲ್ಲಂತೂ ಊದಲೇಬೇಡಿ. ಕತ್ತಲಲ್ಲಿ ಕಾಣಲಿ ಅಂತ ಕೆಲವು ಹಳೇ ಮೀಟರುಗಳ ಮುಳ್ಳಿಗೆ ರೇಡಿಯಂ ಬಳಿದಿರುತ್ತಾರೆ. ಈಗ ಅದು ಹೊಳೆಯದಿದ್ದರೂ ವಿಕಿರಣ ಹೋಗಿರುವುದಿಲ್ಲ. ಗಾಜು ತೆಗೆದು ಕೆರೆಯಬೇಡಿ, ಹಾಗೇ ತನ್ನಿ.

ಗಾಡಿ ತರುವ ಮುಂಚೆ ತೊಳೆಯಬೇಡಿ, ಪ್ರೆಶರ್ ವಾಷ್ ಅಂತೂ ಬೇಡವೇ ಬೇಡ. ತುಕ್ಕು ಹಿಡಿದ ಬೋಲ್ಟು, ಮುರಿದ ಬ್ರಾಕೆಟ್ಟು, ಯಾವುದೋ ಗೊತ್ತಿಲ್ಲದ ತುಂಡು, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ತನ್ನಿ. ಮನೆಯಲ್ಲಿ ಹಳೇ ಫೋಟೊ ಇದ್ದರೆ ಮೊದಲ ದಿನವೇ ತೋರಿಸಿ. ಅದನ್ನು ನಾವೇ ಕೇಳಬೇಕಿತ್ತು. ಇನ್ನು ಮುಂದೆ ಕೇಳುತ್ತೇವೆ.

ಈಗಾಗಲೇ ಬುಕ್ ಮಾಡಿದವರಿಗೆ ಹಳೇ ದರವೇ. ಬಣ್ಣ ಬಿಡಿಸಿ ನೋಡುವ ಕೆಲಸಕ್ಕೆ ಬೇರೆ ಹಣ ಕೇಳುವುದಿಲ್ಲ, ಸಮಯ ಮಾತ್ರ ಕೊಡಿ. ಕನ್ನಡಿಯಂತೆ ಹೊಳೆಯುವ ಬಣ್ಣ, ಕ್ರೋಮ್ ಬೇಕೇ ಬೇಕು ಅನ್ನುವವರಿಗೆ ನಾವು ಸರಿಯಾದ ಜಾಗ ಅಲ್ಲ. ಅವರ ಮುಂಗಡವನ್ನು ಪೂರ್ತಿ ವಾಪಸ್ ಕೊಡುತ್ತೇವೆ. ಶೆಡ್ಡಿನಲ್ಲಿರುವ ಗಾಡಿಗಳ ಮಾಲೀಕರಿಗೆ ಒಬ್ಬೊಬ್ಬರಿಗೂ ನಾವೇ ಫೋನ್ ಮಾಡುತ್ತೇವೆ. ನಿಮ್ಮ ಟ್ಯಾಂಕು ಬಿಡಿಸುವ ದಿನ ನೀವೂ ಬನ್ನಿ.

ಇಂತಿ ನಿಮ್ಮ,
ವರ್ಕ್‌ಶಾಪಿನ ಎಲ್ಲರೂ